ತಕ್ಕಡಿ ಇಲ್ಲದ ಮನೆ

ಥಾನೇಶ್ವರ ಡೇಕಾ ಮೇಷ್ಟ್ರ ಮನೆಯಲ್ಲಿ ತಕ್ಕಡಿ ಇಲ್ಲ. ಮೂವತ್ತನಾಲ್ಕು ವರ್ಷ ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳಿಕೊಟ್ಟವರು, ಬೇಡಿಕೆ ಪೂರೈಕೆಯ ಗೆರೆಗಳನ್ನು ಕಪ್ಪುಹಲಗೆಯ ಮೇಲೆ ಕಣ್ಣು ಮುಚ್ಚಿ ಎಳೆಯಬಲ್ಲವರು, ಪೇಟೆಯಿಂದ ತಂದ ಮೀನು ಒಂದು ಕಿಲೋ ಇದೆಯೋ ಮುಕ್ಕಾಲು ಕಿಲೋ ಇದೆಯೋ ಎಂದು ಒಮ್ಮೆಯೂ ನೋಡಿದವರಲ್ಲ. ಮೀನಿನ ಆಫಾಜ್‌ಗೆ ಇದು ಚೆನ್ನಾಗಿ ಗೊತ್ತು. ಆದರೂ ಅವನು ಅವರಿಗೆ ಕಡಿಮೆ ತೂಗುವುದಿಲ್ಲ. "ನೋಡ್ತಾ ಇರೋರಿಗೆ ಮೋಸ ಮಾಡಿದ್ರೆ ಅದೊಂದು ಮಜಾ. ಆಕಾಶ ನೋಡ್ಕೊಂಡು ನಿಲ್ಲೋ ಈ ಸಾರ್‌ಗೆ ಏನು ಮೋಸ ಮಾಡೋದು!" ಎನ್ನುತ್ತಾನೆ.

ಮೇಷ್ಟ್ರು ಎರಡು ದೋಣಿಯಲ್ಲಿ ಕಾಲಿಟ್ಟವರು ಎಂಬ ಮಾತು ನಮ್ಮ ಕಡೆ ಹಳೆಯದು. ಹೆಂಗಸರ ಹಾಡುಗಳಲ್ಲಿ ಅಕ್ಕಿ, ಉಪ್ಪು, ಹಸಿವು ಹೇಗೆ ಬರುತ್ತವೆ ಎಂದು ಅವರು ಒಂದು ದಪ್ಪ ಪುಸ್ತಕ ಬರೆದರು. ಸಾಹಿತ್ಯದವರು ಅದನ್ನು ಎತ್ತಿ ನೋಡಿ, ಪಾಪ, ಅರ್ಥಶಾಸ್ತ್ರದವರು ಎಂದು ಕೆಳಗಿಟ್ಟರು. ಅರ್ಥಶಾಸ್ತ್ರದವರು ಪುಟ ತಿರುವಿ, ಒಂದು ಅಂಕಿಪಟ್ಟಿಯೂ ಇಲ್ಲವಲ್ಲ ಎಂದು ಮೂಗು ಮುರಿದರು. ಅವರ ಹೆಂಡತಿ ಕುಂತಲಾ ಮಗ್ಗದ ಮುಂದೆ ಕೂತಲ್ಲಿಂದಲೇ ತೀರ್ಪು ಕೊಟ್ಟರು: "ಎರಡು ಕಡೆಯವ್ರೂ ಓದಿಲ್ಲ ಅಂತ ಅರ್ಥ. ಅದಕ್ಕ್ಯಾಕೆ ಮುಖ ಇಳಿಬಿಟ್ಕೊಂಡು ಕೂತಿದೀರಿ, ಹೋಗಿ ಕೋಳಿಗೂಡಿನ ಬಾಗಿಲು ಹಾಕ್ಬನ್ನಿ."

ತಕ್ಕಡಿ ಮನೆಯೊಳಗೆ ಬಾರದೆ ಹೋದದ್ದೂ ಹಾಡು ಮನೆಯೊಳಗೆ ಬಂದದ್ದೂ ಒಂದೇ ಕಾರಣದಿಂದ. ಅದು ಜೋನ್‌ಬೀಲ್ ಕೆರೆಯ ಮೇಳದಲ್ಲಿ ಮೇಷ್ಟ್ರು ಇಪ್ಪತ್ತನಾಲ್ಕನೇ ವಯಸ್ಸಿನಲ್ಲಿ ಮಾಡಿಕೊಂಡ ಎಡವಟ್ಟು.

ಮಾಘ ಬಿಹು ಸುಗ್ಗಿಹಬ್ಬ ಮುಗಿದ ವಾರ ಬೆಟ್ಟದವರು ಕೆಳಗಿಳಿದು ಬರುತ್ತಾರೆ. ಶುಂಠಿ, ಅರಿಸಿನ, ಕೆಸುವಿನ ಗಡ್ಡೆ, ಮೆಣಸಿನಕಾಯಿ ಅವರ ಬುಟ್ಟಿಯಲ್ಲಿ. ಬಯಲಿನ ನಮ್ಮ ಹೆಂಗಸರು ಅಕ್ಕಿಹಿಟ್ಟಿನ ಪಿಠಾ, ಅವಲಕ್ಕಿ, ಒಣಮೀನು ಹೊತ್ತು ಹೋಗುತ್ತಾರೆ. ಕೆರೆಯ ದಂಡೆಯಲ್ಲಿ, ಬೆಳಗಿನ ಮಂಜಿನಲ್ಲಿ, ಇದಕ್ಕೆ ಅದು ಅದಕ್ಕೆ ಇದು ಎಂದು ಬದಲಾಯಿಸಿಕೊಳ್ಳುತ್ತಾರೆ. ರೂಪಾಯಿ ಸೊಂಟದಲ್ಲೇ ಉಳಿಯುತ್ತದೆ. ಬೆಟ್ಟದಿಂದ ಬಂದ ಗಂಡಸೆಲ್ಲ ನಮಗೆ ಮಾಮ, ಹೆಂಗಸೆಲ್ಲ ಮಾಮಿ.

ಆಗಿನ್ನೂ ಬರೀ ಥಾನು ಆಗಿದ್ದ ಮೇಷ್ಟ್ರ ತಾಯಿ ಮಾಖನಿಗೆ ಒಬ್ಬಳೇ ಮಾಮಿ. ಕಾಸಾಂಗ್ ಇಂಗ್ತಿಪಿ. ಬೂರುಗದ ಮರದ ಬುಡದಲ್ಲಿ ಇಬ್ಬರಿಗೂ ಕಾಯಂ ಜಾಗ. ಮಾಖನಿ ತನ್ನ ಬುಟ್ಟಿಯನ್ನು ಕಾಸಾಂಗಳ ಬುಟ್ಟಿಗೆ ಪೂರ್ತಿ ಮಗುಚುತ್ತಿದ್ದಳು. ಕಾಸಾಂಗ್ ತನ್ನದನ್ನು ಇವಳ ಚಾಪೆಯ ಮೇಲೆ ಸುರಿಯುತ್ತಿದ್ದಳು. ಆಮೇಲೆ ಜಗಳ. "ಇಷ್ಟೊಂದ್ಯಾಕೆ ತಂದೆ, ನಿಮ್ಮನೇಲಿ ತಿನ್ನೋ ಬಾಯಿಗಳಿಲ್ವಾ?" "ನೀನ್ಯಾಕೆ ತಂದೆ, ನಿನ್ನ ಗಂಡ ಉಪವಾಸ ಏನೇ?" ಒಬ್ಬಳು ತಳ್ಳುವುದು, ಇನ್ನೊಬ್ಬಳು ಮತ್ತೆ ಈ ಕಡೆ ನೂಕುವುದು. ಕೊನೆಗೆ ಮಾಮಿ ಥಾನುವಿನ ಕಿವಿ ಹಿಂಡಿ ಅವನ ಅಂಗೈಯಲ್ಲಿ ಒಂದು ಕಿತ್ತಳೆ ಇಡುತ್ತಿದ್ದಳು. ಬೆಟ್ಟದ ಕಿತ್ತಳೆಯಲ್ಲಿ ಒಂದು, ಪ್ರತಿ ವರ್ಷ. ಅದು ಸಿಕ್ಕಿದ ಮೇಲೆಯೇ ಅವನ ಪಾಲಿಗೆ ಮೇಳ ಮುಗಿಯುತ್ತಿದ್ದದ್ದು.

ಹುಡುಗ ಓದಿದ. ಚೆನ್ನಾಗಿಯೇ ಓದಿದ. ಗುವಾಹಾಟಿಯಲ್ಲಿ ಎಂ.ಎ. ಸೇರಿದ. ಅರವತ್ತೆಂಟನೇ ಇಸವಿಯ ಮೇಳಕ್ಕೆ ಬರುವಾಗ ಅವನ ಬಗಲಲ್ಲಿ ಒಂದು ನೋಟ್‌ಬುಕ್ ಇತ್ತು, ಕೈಯಲ್ಲಿ ಆಫಾಜ್‌ನ ಅಪ್ಪನಿಂದ ಎರವಲು ತಂದ ಕೊಕ್ಕೆ ತಕ್ಕಡಿ ಇತ್ತು. ವಸ್ತುವಿನಿಮಯದ ಮೇಲೆ ಪ್ರಬಂಧ ಬರೆಯಬೇಕಾಗಿತ್ತು. ನನ್ನ ಮನೆಯ ಅಂಗಳದಲ್ಲೇ ಇದೆಯಲ್ಲ ವಿಷಯ ಎಂದು ಅವನಿಗೆ ಹೆಮ್ಮೆ.

ಬಿದಿರಿನ ಗೂಟಕ್ಕೆ ತಕ್ಕಡಿ ತೂಗುಹಾಕಿದ. ಮಾಮಿಯ ಹೆಸರು ಬರೆದುಕೊಂಡ, ಊರು ಕೇಳಿ ಮೆನ್‌ಸಿಂಗ್ ತೆರಾನ್ ಊರು ಎಂದು ಬರೆದುಕೊಂಡ. ಮಾಮಿ ನಗುತ್ತಲೇ ಇದ್ದಳು, ಅಳಿಯ ಏನೋ ಆಟ ಆಡುತ್ತಿದ್ದಾನೆ ಎಂದು. ಆಯಿಯ, ಅಂದರೆ ಅಮ್ಮನ, ಬುಟ್ಟಿ ತೂಗಿದ. ಮಾಮಿಯದನ್ನು ತೂಗಿದ. ಇನ್ನೊಮ್ಮೆ ತೂಗಿದ. ಆಮೇಲೆ, ನ್ಯಾಯದ ಪರವಾಗಿ ನಿಂತವನ ಗತ್ತಿನಲ್ಲಿ, ಸುತ್ತಲಿನವರಿಗೆಲ್ಲ ಕೇಳುವಂತೆ ಹೇಳಿದ.

"ಮಾಮಿ, ಆಯಿ ಕೊಟ್ಟಿದ್ದರ ಎರಡರಷ್ಟು ನೀವು ಕೊಡ್ತಿದೀರಿ! ಬೆಲೆ ಹಿಡಿದು ನೋಡಿದ್ರೂ ಅಷ್ಟೇ. ಎಷ್ಟು ವರ್ಷದಿಂದ ಹೀಗೆ? ನಿಮಗೆ ಶುದ್ಧ ನಷ್ಟ."

ಪಕ್ಕದ ಚಾಪೆಯ ಹೆಂಗಸೊಬ್ಬಳು ಕಿಸಕ್ಕೆಂದಳು. "ಒಳ್ಳೇ ವ್ಯಾಪಾರ ಬಿಡೇ ಮಾಖನಿ! ನಮಗೂ ಕಲಿಸು."

ಮಾಖನಿಯ ಮುಖ ಕಪ್ಪಿಟ್ಟಿತು. ಅವತ್ತು ತಳ್ಳಾಟವಿಲ್ಲ, ಜಗಳವಿಲ್ಲ. ಮಾಮಿ ಕಿತ್ತಳೆಯನ್ನೇನೋ ಕೊಟ್ಟಳು, ಕಿವಿ ಹಿಂಡುವುದನ್ನು ಮರೆತಳು. ಮನೆಯ ದಾರಿಯ ಮೂರು ಮೈಲಿಯೂ ಮಾಖನಿ ಮಗನಿಗಿಂತ ಮುಂದೆ ನಡೆದಳು. ಹಿತ್ತಲ ಬಿದಿರು ದಣಪೆ ದಾಟುವಾಗ ನಿಂತು, "ನಿನ್ನ ಹೆತ್ತಿದೀನಿ, ಓದಿಸಿದೀನಿ. ಅದನ್ನೂ ಒಂದು ಸಲ ತೂಗಿ ಬರ್ಕೋ ಮಗಾ, ಎಷ್ಟಾಗುತ್ತೆ ನೋಡೋಣ" ಎಂದು ಒಳಗೆ ಹೋದಳು.

ಪ್ರಬಂಧಕ್ಕೆ ತರಗತಿಯಲ್ಲೇ ಹೆಚ್ಚು ಅಂಕ ಬಂತು.

ಮರುವರ್ಷ ಮಾಖನಿ ಮೂರು ದಿನ ಒಲೆಯ ಮುಂದಿಂದ ಏಳಲಿಲ್ಲ. ಅಕ್ಕಪಕ್ಕದವರನ್ನೂ ಕೂರಿಸಿಕೊಂಡು ಅಕ್ಕಿ ಕುಟ್ಟಿದಳು, ಎಳ್ಳು ಬೆಲ್ಲ ತುಂಬಿ ಪಿಠಾ ಸುತ್ತಿದಳು. ಎರಡು ಬುಟ್ಟಿ ತುಂಬಿಸಿಕೊಂಡು ಹೋಗಿ ಬೂರುಗದ ಬುಡದಲ್ಲಿ ಇಳಿಸಿದಳು. ಕಾಸಾಂಗ್ ಆ ಎರಡು ಬುಟ್ಟಿಗಳನ್ನು ನೋಡಿದಳು, ಮಾಖನಿಯ ಮುಖ ನೋಡಿದಳು. ಪಿಠಾ ತುಂಬಿಕೊಂಡಳು, ತನ್ನದನ್ನು ಸುರಿದಳು, ಬಿಸಿಲೇರುವ ಮೊದಲೇ ಎದ್ದು ಹೋದಳು. ಕಿತ್ತಳೆ ಇಲ್ಲ. ಅದರ ಮುಂದಿನ ವರ್ಷ ಬೂರುಗದ ಬುಡ ಖಾಲಿ. ಅದರ ಮುಂದಿನ ವರ್ಷವೂ.

ಥಾನುವಿಗೆ ಆಗ ಹೆದರಿಕೆಯಾಯಿತು. "ಆಯಿ, ಅವರು ಅಷ್ಟೊಂದು ಕೊಡ್ತಾ ಇದ್ದದ್ದು ಯಾಕೆ?" ಎಂದು ಕೇಳಿದ. ಮೂರು ವರ್ಷ ತಡವಾಗಿ ಕೇಳಿದ ಪ್ರಶ್ನೆ. ಸಂಶೋಧನೆ ಮಾಡುವವರು ಮೊದಲು ಕೇಳಬೇಕಾದ್ದು ಅದನ್ನೇ.

ಮಾಖನಿ ಅಡಿಕೆ ಕತ್ತರಿಸುತ್ತಾ ಹೇಳಿದಳು. ಯುದ್ಧದ ಕಾಲ. ಥಾನು ಮೂರು ತಿಂಗಳ ಕೂಸು. ಮೇಳಕ್ಕೆ ಬಂದ ಬೆಟ್ಟದ ಹೆಂಗಸೊಬ್ಬಳಿಗೆ ಕೆರೆಯ ದಂಡೆಯಲ್ಲೇ ಜ್ವರ ಏರಿ ಮೈಮೇಲೆ ಎಚ್ಚರವಿಲ್ಲ. ಅವಳ ಬೆನ್ನಿಗೆ ಕಟ್ಟಿದ ಹೆಣ್ಣು ಕೂಸು ಕಿರುಚುತ್ತಿದೆ. ಅವಳ ಕಡೆಯವರು ಅವಳನ್ನು ಹೊತ್ತು ಬೆಟ್ಟ ಹತ್ತುವಂತಿರಲಿಲ್ಲ. ಮಾಖನಿ ಮನೆಗೆ ಕರೆತಂದಳು. ಇಪ್ಪತ್ತೆರಡು ದಿನ ಇಟ್ಟುಕೊಂಡಳು.

"ಆ ಮಗು?"

"ಆ ಮಗೂಗೆ ಏನು? ಒಂದು ಕಡೆ ನೀನು, ಒಂದು ಕಡೆ ಕಾರೆಂಗ್. ನೀನು ಒದೀತಿದ್ದೆ ಅವಳನ್ನ. ಆಗಿಂದಲೇ ನಿನಗೆ ಲೆಕ್ಕ ಜಾಸ್ತಿ."

"ಇಷ್ಟು ವರ್ಷ ಹೇಳ್ಲೇ ಇಲ್ವಲ್ಲ ಆಯಿ!"

"ಹೇಳೋಕೇನಿದೆ ಅದರಲ್ಲಿ? ಹಾಲಿತ್ತು, ಕುಡಿಸ್ದೆ."

ಆಮೇಲೆ ಅಡಕತ್ತರಿ ಕೆಳಗಿಟ್ಟು ಮಾಖನಿ ಅತ್ತಳು. "ಮೂವತ್ತು ಹರದಾರಿ ದೂರದಲ್ಲಿ ಒಬ್ಬಳು ನನ್ನ ಕಳ್ಳಿ ಅಂದ್ಕೊಂಡು ಕೂತಿದಾಳಲ್ಲೋ. ನಾನು ಸಾಯೋದ್ರೊಳಗೆ ಒಂದ್ಸಲ ಅವಳನ್ನ ಆ ಮರದ ಕೆಳಗೆ ತಂದು ಕೂರಿಸು. ಬೇರೇನೂ ಕೇಳಲ್ಲ ನಿನ್ನ."

ಥಾನೇಶ್ವರ ಆ ಹೊತ್ತಿಗೆ ನಮ್ಮ ಸಣ್ಣ ಪೇಟೆಯ ಕಾಲೇಜಿಗೆ ಸೇರಿಯಾಗಿತ್ತು. ತಗಡಿನ ಸೂರು, ಬಿದಿರು ಗೋಡೆ, ಮಳೆ ಬಂದರೆ ಪಾಠ ಬಂದ್. ಗುವಾಹಾಟಿಯ ದೊಡ್ಡ ಕಾಲೇಜಿನಿಂದ ಕರೆ ಬಂದಾಗ ಅವರು ಹೋಗಲಿಲ್ಲ. ತಲೆ ಕೆಟ್ಟಿದೆ ಎಂದರು ಜನ. ಕೆಟ್ಟಿರಲಿಲ್ಲ. ಬೆಟ್ಟ ಈ ಕಡೆಯಿಂದ ಹತ್ತಿರ, ಅಷ್ಟೇ.

ರಜೆ ಸಿಕ್ಕಿದಾಗಲೆಲ್ಲ ನೋಟ್‌ಬುಕ್ ಹಿಡಿದು ಬೆಟ್ಟ ಹತ್ತಿದರು. ಮೆನ್‌ಸಿಂಗ್ ತೆರಾನ್ ಊರು ಎಲ್ಲಿ ಎಂದು ಕೇಳಿದರು. ಯಾರಿಗೂ ಗೊತ್ತಿಲ್ಲ. ಅಲ್ಲಿ ಊರಿಗೆ ಗೌಡನ ಹೆಸರೇ ಹೆಸರು. ಗೌಡ ಸತ್ತರೆ ಊರಿನ ಹೆಸರೂ ಅವನ ಜೊತೆಗೇ ಹೋಗುತ್ತದೆ, ಹೊಸಬನ ಹೆಸರು ಬರುತ್ತದೆ. ಬೇಸಾಯ ಇನ್ನೊಂದು ಗುಡ್ಡಕ್ಕೆ ಸರಿದರೆ ಮನೆಗಳೂ ಹಿಂದೆಯೇ ಸರಿಯುತ್ತವೆ. ಇದು ಮೇಳಕ್ಕೆ ಹೋಗಿ ಬರುವ ನಮ್ಮ ಹೆಂಗಸರಿಗೆಲ್ಲ ಗೊತ್ತಿದ್ದ ಸಂಗತಿ. ಶಾಯಿಯಲ್ಲಿ ಬರೆದುಕೊಂಡದ್ದು ಜಾಗ ಬದಲಿಸುತ್ತದೆ ಎಂದು ಮೇಷ್ಟ್ರಿಗೆ ಮಾತ್ರ ಹೊಳೆದಿರಲಿಲ್ಲ.

ಆದರೆ ಹೋದ ಊರಿನಲ್ಲೆಲ್ಲ ಬೆಂಕಿಯ ಪಕ್ಕ ಕೂರಿಸಿದರು. ಅನ್ನ ಕೊಟ್ಟರು, ಬಿದಿರಿನ ಎಳೆ ಮೊಳಕೆಯ ಹುಳಿ ಕೊಟ್ಟರು. ಯಾರನ್ನು ಹುಡುಕುತ್ತೀರಿ ಎಂದು ಕೇಳಿದರು. ಕತೆ ಕೇಳಿ ಲೊಚಗುಟ್ಟಿದರು. "ತೂಗಿಬಿಟ್ರಾ? ಅಯ್ಯೋ!" ಎಂದರು. ಮುದುಕಿಯರು ಸಮಾಧಾನಕ್ಕೆಂದು ಹಾಡು ಹೇಳಿದರು. ಮೇಷ್ಟ್ರು ಸುಮ್ಮನೆ ಕೂರಲಾರದೆ ಬರೆದುಕೊಂಡರು. ಹೀಗೆ ಒಬ್ಬ ಮಾಮಿಯನ್ನು ಹುಡುಕಲು ಹೋಗಿ ಎಂಟು ನೋಟ್‌ಬುಕ್ ಹಾಡು ಕೂಡಿಬಿತ್ತು. ಆ ದಪ್ಪ ಪುಸ್ತಕ ಅದೇ. ಅದರ ಮೊದಲ ಪುಟದಲ್ಲಿ ಅನ್ನ ಕೊಟ್ಟ ಮನೆಗಳ ಹೆಸರೆಲ್ಲ ಇವೆ, ನೂರಾ ಹನ್ನೊಂದು. ಒಂದು ಹೆಸರಿನ ಜಾಗ ಖಾಲಿ ಬಿಟ್ಟಿದ್ದಾರೆ. ಅಚ್ಚಿನವನು ತಪ್ಪು ಎಂದುಕೊಂಡು ಎರಡು ಸಲ ಕೇಳಿದನಂತೆ.

ಪ್ರತಿ ಮಾಘದಲ್ಲೂ ತಾಯಿಯ ಬುಟ್ಟಿ ಹೊತ್ತು ಬೂರುಗದ ಬುಡಕ್ಕೆ ಹೋಗುತ್ತಿದ್ದರು. ಬಂದ್, ಗಲಭೆಗಳ ಚಳವಳಿಯ ವರ್ಷಗಳಲ್ಲಿ ಮೇಳವೇ ಬಡವಾಯಿತು, ಆಗಲೂ ಹೋದರು. ಮಾಖನಿ ಯಾರ ಜೊತೆಗೂ ಬದಲಾಯಿಸಿಕೊಳ್ಳುತ್ತಿರಲಿಲ್ಲ. ಮಧ್ಯಾಹ್ನದವರೆಗೆ ಕೂತಿದ್ದು, ಪಿಠಾವನ್ನೆಲ್ಲ ಸುತ್ತಲಿನ ಮಕ್ಕಳಿಗೆ ಹಂಚಿ, ಖಾಲಿ ಬುಟ್ಟಿ ಮಗನ ಕೈಗೆ ಕೊಡುತ್ತಿದ್ದಳು. ಒಂದು ಮಾತೂ ಬೈಯುತ್ತಿರಲಿಲ್ಲ. ಬೈದಿದ್ದರೆ ಮೇಷ್ಟ್ರಿಗೆ ಎಷ್ಟೋ ಹಗುರಾಗುತ್ತಿತ್ತು.

ತರಗತಿಯಲ್ಲಿ ಅವರು ಹಾಡು ಹೇಳಿಯೇ ಪಾಠ ಆರಂಭಿಸುತ್ತಿದ್ದರು. ಕೊರತೆ ಎಂದರೇನು ಎಂಬ ಪಾಠಕ್ಕೆ ಆಯಿ ಆ ಇಬ್ಬರು ಕೂಸುಗಳಿಗೆ ಹೇಳುತ್ತಿದ್ದ ಲಾಲಿ. ಅದರಲ್ಲಿ ತಮ್ಮ ಹೆಸರಿದೆಯಲ್ಲ ಎಂದು ಮೊದಲ ವರ್ಷಗಳಲ್ಲಿ ನಾಚಿಕೊಂಡರು. ಆಮೇಲೆ ಅದೂ ರೂಢಿಯಾಯಿತು. ಎಂಬತ್ತೈದರ ನವೆಂಬರಿನಲ್ಲಿ, ಎಂದಿನಂತೆ ಕಿಟಕಿಯ ಹೊರಗೆ ನೋಡುತ್ತಾ ಹೇಳಿದರು.

"ಥಾನು ಕಣ್ಣು ಮುಚ್ಚಲಿ, ಕಾರೆಂಗ್ ಕಣ್ಣು ಮುಚ್ಚಲಿ,
ಗಂಜಿ ಒಂದೇ ಬಟ್ಟಲು, ಬಾಯಿ ಮಾತ್ರ ಎರಡು;
ಥಾನು ಕೊಂಚ ಸರಿಯೋ, ಕಾರೆಂಗ್ ಬಳಿಗೆ ಬಾರೇ,
ಬಟ್ಟಲನ್ನು ಬೆಳೆಸೊ ಹಾಡು ನನಗೆ ಬರುತ್ತದೆ."

"ಈಗ ಹೇಳಿ, ಇಲ್ಲಿ ಕೊರತೆ ಯಾವುದರದ್ದು?" ಎಂದರು.

ಎರಡನೇ ಸಾಲಿನಿಂದ ಒಂದು ಕೈ ಎದ್ದಿತು. ಆ ವರ್ಷವೇ ಬೆಟ್ಟದಿಂದ ಬಂದು ಹಾಸ್ಟೆಲ್ ಸೇರಿದ್ದ ಹುಡುಗಿ, ಕಾದೋಮ್ ತೆರಾಂಗ್‌ಪಿ. ಅದುವರೆಗೆ ತರಗತಿಯಲ್ಲಿ ಬಾಯಿ ಬಿಟ್ಟವಳಲ್ಲ.

"ಸಾರ್, ಇದು ನಮ್ಮಜ್ಜಿ ಹಾಡು."

"ನಿಮ್ಮಜ್ಜಿಗೆ ಅಸಮೀಯ ಬರುತ್ತಾ?"

"ಮೇಳದಲ್ಲಿ ಆಡೋ ಮಾತಷ್ಟು ಬರುತ್ತೆ ಸಾರ್. ಇದೊಂದು ಹಾಡು ಮಾತ್ರ ಪೂರ್ತಿ ಬರುತ್ತೆ. ನಮ್ಮನ್ನೆಲ್ಲ ಇದನ್ನ ಹೇಳೇ ಮಲಗಿಸಿರೋದು. ಕಾರೆಂಗ್ ಅಂದ್ರೆ ನಮ್ಮಮ್ಮ."

ಮೇಷ್ಟ್ರು ಕಿಟಕಿಯಿಂದ ಅವಳ ಕಡೆ ತಿರುಗಿದರು. "ಮತ್ತೆ ಥಾನು ಯಾರು?"

"ಥಾನು ಅನ್ನೋದು ಒಂದು ಹಕ್ಕಿ ಸಾರ್."

ತರಗತಿ ಗೊಳ್ಳೆಂದಿತು. ಹುಡುಗಿ ಕೆಂಪಾಗಿ, ಆದರೂ ಪಟ್ಟು ಬಿಡದೆ ಹೇಳಿದಳು. "ಬಯಲಿನ ಹಕ್ಕಿ. ಒಂದ್ಕಡೆ ಕೂರಲ್ಲ, ಸಿಕ್ಕಿದ್ದನ್ನೆಲ್ಲ ಕುಕ್ಕುತ್ತೆ ಅಂತಾಳೆ ಅಜ್ಜಿ."

ಮೇಷ್ಟ್ರು ಕುರ್ಚಿಯಲ್ಲಿ ಕೂತುಬಿಟ್ಟರು. ಹದಿನೈದು ವರ್ಷದಲ್ಲಿ ಅವರು ಪಾಠ ಅರ್ಧಕ್ಕೆ ಬಿಟ್ಟದ್ದು ಅದೊಂದೇ ದಿನ. "ಅಜ್ಜಿ ಇದಾರಾ?" ಎಂದು ಕೇಳಿದರು.

"ಇದಾಳೆ ಸಾರ್. ಗಟ್ಟಿಯಾಗಿದಾಳೆ."

"ಮೇಳಕ್ಕೆ ಬರೋದಿಲ್ವಾ?"

"ಎಷ್ಟು ಕರೆದ್ರೂ ಬರಲ್ಲ. ಮಂಡಿ ನೋವು ಅಂತಾಳೆ. ಒಂದ್ಸಲ ಅಂದ್ಳು, ಅಲ್ಲಿ ನನಗೆ ಯಾರೂ ಇಲ್ಲ ಅಂತ."

ಸಂಜೆ ಮನೆಗೆ ಓಡಿ ಬಂದು ತಾಯಿಗೆ ಹೇಳಿದರು. ನಾಳೆಯೇ ಬೆಟ್ಟಕ್ಕೆ ಹೋಗುತ್ತೇನೆ ಎಂದು ಚೀಲ ಹುಡುಕತೊಡಗಿದರು. ಮಾಖನಿ ಬೇಡ ಎಂದಳು.

"ನೀನು ಹೋಗ್ಬೇಡ. ನೀನು ಹೋದ್ರೆ ಪುಸ್ತಕ ಹಿಡ್ಕೊಂಡು ಹೋಗ್ತೀಯ."

"ಇಲ್ಲ ಆಯಿ, ಬರೀ ಕೈಲಿ ಹೋಗ್ತೀನಿ."

"ಕಾಲು ಹಿಡ್ಕೊಂಡು ಗೋಳಾಡ್ತೀಯ. ಅದೂ ಒಂದು ಭಾರ ಅವಳಿಗೆ. ಆ ಹುಡುಗಿನ ಕರ್ಕೊಂಡು ಬಾ."

ಚಳಿಗಾಲದ ರಜೆಗೆ ಹೊರಟ ಕಾದೋಮಳನ್ನು ಮಾಖನಿ ಒಲೆಯ ಪಕ್ಕ ಕೂರಿಸಿಕೊಂಡಳು. ಅವಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು. ಆಮೇಲೆ ಬಾಳೆಲೆಯಲ್ಲಿ ಎಳ್ಳಿನ ಪಿಠಾ ಕಟ್ಟಿಕೊಟ್ಟಳು. ಎರಡೇ ಎರಡು.

"ಅಜ್ಜಿಗೆ ಹೇಳು, ಉಳಿದಿದ್ದು ಮರದ ಕೆಳಗಿದೆ ಅಂತ."

ಆ ಮಾಘದಲ್ಲಿ ಮಂಜು ದಟ್ಟವಾಗಿತ್ತು. ಬೂರುಗದ ಬುಡದಲ್ಲಿ ಮಾಖನಿ, ಪಕ್ಕದಲ್ಲಿ ನಲವತ್ತೆರಡರ ಮಗ. ಬೆಟ್ಟದವರ ಲಾರಿಗಳು ಬಂದು ನಿಂತವು, ಜನ ಇಳಿದರು, ಮಾಮ ಮಾಮಿ ಎಂಬ ಕೂಗು ಕೆರೆಯ ದಂಡೆಯುದ್ದಕ್ಕೂ ಎದ್ದಿತು. ಎಲ್ಲರ ಬುಟ್ಟಿಗಳೂ ಅರ್ಧ ಖಾಲಿಯಾದವು. ಬಿಸಿಲು ಬಂತು. ಮೇಷ್ಟ್ರು ಹತ್ತು ಸಲ ಎದ್ದರು, ಹತ್ತು ಸಲ ಕೂತರು. "ಕೂತ್ಕೋ, ಹಕ್ಕಿ ಆಡಿದ ಹಾಗೆ ಆಡ್ಬೇಡ" ಎಂದಳು ಮಾಖನಿ. ಅವಳ ಕೈ ಮಾತ್ರ ಬುಟ್ಟಿಯ ಮೇಲಿನ ಬಟ್ಟೆಯನ್ನು ಸರಿಮಾಡುತ್ತಲೇ ಇತ್ತು.

ಮೊದಲು ಕಾದೋಮ್ ಕಂಡಳು. ಅವಳ ಹಿಂದೆ ಬುಟ್ಟಿ ಹೊತ್ತ, ಕೆನ್ನೆ ತುಂಬಿದ ಹೆಂಗಸು. ಅವರ ನಡುವೆ, ಕೋಲೂರಿಕೊಂಡು, ಯಾರ ಕೈಯನ್ನೂ ಹಿಡಿಯಲೊಪ್ಪದೆ, ಕಾಸಾಂಗ್ ಮಾಮಿ. ಮುಂದೆ ಬಂದು ನಿಂತವಳು ಮಾಖನಿಯನ್ನು ನೋಡಲಿಲ್ಲ. ನೇರವಾಗಿ ಮೇಷ್ಟ್ರನ್ನು ಮೇಲಿಂದ ಕೆಳಗೆ ನೋಡಿದಳು.

"ಎಲ್ಲೋ ನಿನ್ನ ಕೊಕ್ಕೆ? ತಂದಿಲ್ವಾ? ನನ್ನೇ ತೂಗೋ ಈ ಸಲ, ತುಂಬಾ ಇಳಿದಿದೀನಿ."

ಹದಿನೆಂಟು ವರ್ಷದಿಂದ ಮೇಷ್ಟ್ರು ಹೊಂದಿಸಿಟ್ಟುಕೊಂಡಿದ್ದ ಮಾತು ಬಹಳವಿತ್ತು. ಮಂಡಿಯೂರಿ ಕಾಲು ಮುಟ್ಟಿದರು. "ತಪ್ಪಾಯ್ತು ಮಾಮಿ" ಎಂಬುದಷ್ಟೇ ಹೊರಬಂತು.

"ಏಳೋ. ನೀನು ತೂಗಿದ್ದಕ್ಕೆ ನನಗೇನಿಲ್ಲ. ಓದೋ ಹುಡುಗ, ಏನೋ ಮಾಡ್ದೆ." ಆಗ ಅವಳು ಮಾಖನಿಯ ಕಡೆ ತಿರುಗಿದಳು. "ಇವಳು! ಇವಳು ಮರುವರ್ಷ ಎರಡು ಬುಟ್ಟಿ ತಂದಿಟ್ಟಳಲ್ಲ, ಅವತ್ತು ನನ್ನ ಎದೆ ಒಡೆದೋಯ್ತು. ಎಲ್ಲಾ ತೀರಿಸಿಬಿಡ್ತಿದಾಳೆ, ಇನ್ನು ಬರ್ಬೇಡ ಕಣೇ ಅಂತಿದಾಳೆ ಅಂದ್ಕೊಂಡೆ. ಬಾಕಿ ಏನೂ ಇಲ್ದೆ ಇರೋ ಕಡೆ ಯಾವ ಮುಖ ಇಟ್ಕೊಂಡು ಬರ್ಲಿ?"

"ಅಯ್ಯೋ ನನ್ನ ಹುಚ್ಚಿ!" ಮಾಖನಿ ಕೂತಲ್ಲಿಂದಲೇ ಅವಳ ಕೋಲು ಹಿಡಿದೆಳೆದಳು. "ನೀನು ನನ್ನ ಕಳ್ಳಿ ಅಂದ್ಕೊಂಡೆ ಅಂತ ನಾನು ನಾಚಿಕೆಯಲ್ಲಿ ಸತ್ತಿದೀನಿ ಕಣೇ!"

"ಕಳ್ಳಿನಾ? ನೀನಾ?"

"ಎರಡರಷ್ಟು ಕೊಡ್ತಿದ್ದೆಯಲ್ಲ ಮತ್ತೆ! ಹಾಲಿನ ಋಣ ಅಂತ ತಾನೆ?"

"ಯಾರೇ ಹೇಳಿದ್ದು ಋಣ ಅಂತ?" ಕಾಸಾಂಗ್‌ಗೆ ನಿಜವಾಗಿಯೂ ಸಿಟ್ಟು ಬಂತು. "ಬೆಟ್ಟ ಇಳಿಯೋ ಮುಂಚೆ ನಿನ್ನ ಮುಖ ನೆನೆಸ್ಕೊಂಡು ಬುಟ್ಟಿ ತುಂಬ್ತಿದ್ದೆ. ಕೈಗೆ ಸಾಕು ಅನ್ನಿಸ್ತಿರ್ಲಿಲ್ಲ. ಅಷ್ಟೇ!"

ಹದಿನೇಳು ವರ್ಷ ಇಬ್ಬರು ಹೆಂಗಸರು, ಒಬ್ಬಳು ಬೆಟ್ಟದಲ್ಲಿ, ಒಬ್ಬಳು ಬಯಲಿನಲ್ಲಿ, ಇದಕ್ಕಾಗಿ ಅತ್ತಿದ್ದರು. ಈಗ ಒಬ್ಬಳ ಹೆಗಲ ಮೇಲೆ ಇನ್ನೊಬ್ಬಳು ಬಿದ್ದು ನಗುತ್ತಿದ್ದರು, ಮೂಗು ಒರೆಸಿಕೊಳ್ಳುತ್ತಿದ್ದರು. ಕಾರೆಂಗ್ ಮೇಷ್ಟ್ರ ಪಕ್ಕ ಬಂದು ನಿಂತು, "ಒದೀತಿದ್ದೆಯಂತೆ ನನ್ನ" ಎಂದಳು. ಒಂಟಿಮಗನಾಗಿ ಬೆಳೆದವರಿಗೆ ನಲವತ್ತೆರಡನೇ ವಯಸ್ಸಿನಲ್ಲಿ ಒಬ್ಬ ತಂಗಿ ಬಂದು ನಿಂತಿದ್ದಳು. ದೇವರೇ, ಇಷ್ಟೊಂದು ಯಾಕೆ ಕೊಟ್ಟೆ ಎಂದುಕೊಂಡರು.

ಆಮೇಲೆ ವಿನಿಮಯ. ಮಾಖನಿ ಬುಟ್ಟಿ ಮಗುಚಿದಳು. ಮಾಮಿ ಸುರಿದಳು. ಶುಂಠಿ, ಅರಿಸಿನ, ಕೆಸುವಿನ ಗಡ್ಡೆ ಚಾಪೆ ದಾಟಿ ಹುಲ್ಲಿನ ಮೇಲೆ ಉರುಳಿದವು. "ಇಷ್ಟೊಂದ್ಯಾಕೆ ತಂದೆ?" "ನೀನ್ಯಾಕೆ ತಂದೆ?" ತಳ್ಳಾಟ ಹತ್ತಿತು. ಮಾಖನಿ ಕಾರೆಂಗಳ ಕಡೆ ತಿರುಗಿದ ಗಳಿಗೆಯಲ್ಲಿ ಮಾಮಿ ತನ್ನ ಪಾಲಿನಿಂದ ಒಂದು ಹಿಡಿ ಪಿಠಾ ತೆಗೆದು, ಮಾಖನಿಯ ಖಾಲಿ ಬುಟ್ಟಿಯ ತಳದಲ್ಲಿ, ಬಾಳೆಲೆಯ ಅಡಿಯಲ್ಲಿ ತೂರಿಸಿಟ್ಟಳು. ಮುಂದಿನ ವರ್ಷ ಬರಲು ಒಂದು ಬಾಕಿ ಬೇಕಲ್ಲ.

ಮೇಷ್ಟ್ರು ನೋಡಿದರು. ಕೊಕ್ಕೆ ಇಲ್ಲದಿದ್ದರೇನು, ಕಣ್ಣೇ ತೂಗಿತು. ಒಂದಕ್ಕೆ ಎರಡಲ್ಲ, ಈ ಸಲ ಎರಡೂವರೆ. ಅಭ್ಯಾಸಬಲದಿಂದ ಅವರ ಬಾಯಿ ತೆರೆಯಿತು.

ಮಾಮಿ ಅವರನ್ನೇ ನೋಡುತ್ತಿದ್ದಳು. ಕೋಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಹತ್ತಿರ ಬಂದು, ನರೆತ ಕೂದಲಿನ ಅರ್ಥಶಾಸ್ತ್ರದ ಪ್ರೊಫೆಸರರ ಕಿವಿ ಹಿಂಡಿ, ಅಂಗೈಯಲ್ಲಿ ಒಂದು ಕಿತ್ತಳೆ ಇಟ್ಟಳು.

ಬಾಯಿ ಹೇಗೂ ತೆರೆದೇ ಇತ್ತು. ಮೇಷ್ಟ್ರು ಸಿಪ್ಪೆ ಬಿಡಿಸಿ ಒಂದು ತೊಳೆ ಹಾಕಿಕೊಂಡರು.